ಸಹಾಯ ಬೇಕು: ಒಂದನ್ನು ಬಿಟ್ಟ ಮೇಲೆ ಇನ್ನೊಂದು ಧರ್ಮಕ್ಕೆ ಸೇರಬೇಕಾ?

ಹಾಸನದವಳು. ನಾನಿದ್ದ ಪಂಥದಲ್ಲಿ ಟಿವಿ, ಸ್ನೇಹಿತರು, ಮದುವೆ ಎಲ್ಲದಕ್ಕೂ ಹಿರಿಯರ ಒಪ್ಪಿಗೆ ಬೇಕಿತ್ತು. ಹೊರಬಂದೆ. ಮನೆಯವರು ಮಾತು ಬಿಟ್ಟಿದ್ದಾರೆ.

ಈಗ ಗೆಳತಿ ತಮ್ಮ ಚರ್ಚ್‌ಗೆ ಕರೆಯುತ್ತಿದ್ದಾಳೆ. ಜೈನರೊಬ್ಬರು "ಸುಮ್ನೆ ಶ್ರವಣಬೆಳಗೊಳದ ಬೆಟ್ಟ ಹತ್ತಿ ಬಾ, ಸೇರು ಅಂತ ಯಾರೂ ಹೇಳಲ್ಲ" ಅಂದರು. ಹೋದೆ. 600ಕ್ಕೂ ಜಾಸ್ತಿ ಮೆಟ್ಟಿಲು, ಬರಿಗಾಲು. ಯಾರೂ ನನ್ನ ಜಾತಕ ಕೇಳಲಿಲ್ಲ, ಹಿತವಾಯಿತು. ಆದರೆ ನನಗೆ ಬೇಕಿರುವುದು ದೇವರಾ, ಜೊತೆಗೆ ಕೂತು ಊಟ ಮಾಡುವ ಜನರಾ?

ಹೀಗೆ ಬಿಟ್ಟು ಬಂದವರು ಎಷ್ಟು ಸಮಯ ಕಾದಿರಿ? ಹೊಸ ಕಡೆಯೂ ಅದೇ ಹಿಡಿತ ಇದೆಯಾ ಅಂತ ಹೇಗೆ ಪತ್ತೆ ಮಾಡಿದಿರಿ? 2022ರ ರಾಜ್ಯದ ಮತಾಂತರ ಕಾನೂನಿನಲ್ಲಿ 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು ಅಂತಿತ್ತು. ಪ್ರಾರ್ಥನೆಗೆ ಹೋಗಿ ಕೂರಲು ಅದೆಲ್ಲ ಬೇಡ ಅಲ್ವಾ?

"ನಮ್ಮಲ್ಲಿಗೆ ಬನ್ನಿ" ಅನ್ನುವ ಮೆಸೇಜ್ ಮಾತ್ರ ದಯವಿಟ್ಟು ಬೇಡ.