ವಿಕಿರಣ ಚಿಕಿತ್ಸೆಯನ್ನು ಒಂದೆರಡು ದಿನದಲ್ಲೇ ಏಕೆ ಮುಗಿಸುವುದಿಲ್ಲ?

ಪ್ರಶ್ನೆ:
ನಮ್ಮ ತಂದೆಯವರಿಗೆ ಗಂಟಲಿನ ಕ್ಯಾನ್ಸರ್ ಇರುವುದು ಬಯಾಪ್ಸಿಯಲ್ಲಿ ಖಚಿತವಾಗಿದ್ದು, ಒಟ್ಟು 70 ಗ್ರೇ (ವಿಕಿರಣದ ಪ್ರಮಾಣವನ್ನು ಅಳೆಯುವ ಮಾನ) ವಿಕಿರಣವನ್ನು ವಾರಕ್ಕೆ ಐದು ದಿನದಂತೆ ಏಳು ವಾರ, 35 ಕಂತುಗಳಲ್ಲಿ ಕೊಡುವುದಾಗಿ ವೈದ್ಯರು ತಿಳಿಸಿದ್ದಾರೆ. ದಿನಕ್ಕೆ ಕೆಲವೇ ನಿಮಿಷಗಳ ಕೆಲಸವೆಂದ ಮೇಲೆ, ಅಷ್ಟನ್ನೂ ಒಂದೆರಡು ದಿನದಲ್ಲಿ ಮುಗಿಸಬಾರದೇಕೆ? ನಡುವೆ ಸುಸ್ತಾದರೆ ಒಂದು ವಾರ ಬಿಟ್ಟು ಮುಂದುವರಿಸಬಹುದೇ? ಇವೆರಡಕ್ಕಿಂತ ಅವರನ್ನು ಹೆಚ್ಚು ಕಾಡುತ್ತಿರುವುದು, ಮೊಮ್ಮಗಳನ್ನು ಎತ್ತಿಕೊಳ್ಳಬಹುದೇ ಎಂಬ ಚಿಂತೆ.

ಉತ್ತರ 1:
ನಾನು ವಿಕಿರಣ ವಿಭಾಗದಲ್ಲಿ ಭೌತವಿಜ್ಞಾನಿಯಾಗಿ ಕೆಲಸ ಮಾಡುತ್ತೇನೆ. ಮೊಮ್ಮಗಳನ್ನು ಧಾರಾಳವಾಗಿ ಎತ್ತಿಕೊಳ್ಳಲಿ. ಲೀನಿಯರ್ ಆಕ್ಸಿಲರೇಟರ್ ಯಂತ್ರದಿಂದ ಬರುವ ಎಕ್ಸ್‌ರೇ ಕಿರಣಗಳು ಯಂತ್ರ ನಿಂತೊಡನೆ ಇಲ್ಲವಾಗುತ್ತವೆ, ಮೈಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನು ಕಂತುಗಳ ವಿಷಯ. ಕಿರಣಗಳು ಜೀವಕೋಶದ ಡಿಎನ್‌ಎಯನ್ನು ತುಂಡರಿಸುತ್ತವೆ. ದಿನಕ್ಕೆ 2 ಗ್ರೇಯಷ್ಟು ಸಣ್ಣ ಪ್ರಮಾಣವಾದರೆ ಆರೋಗ್ಯವಂತ ಕೋಶಗಳು ಮರುದಿನದೊಳಗೆ ಆ ಹಾನಿಯನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ, ಗಂಟಲಿನ ಗಡ್ಡೆಯಂಥ ಕ್ಯಾನ್ಸರಿನ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ. ಗಡ್ಡೆಯ ಒಳಭಾಗದಲ್ಲಿ ಆಮ್ಲಜನಕ ಸಿಗದೆ ಕಿರಣಗಳಿಗೆ ಬಗ್ಗದೆ ಕುಳಿತ ಕೋಶಗಳೂ ಇರುತ್ತವೆ; ಹೊರಗಿನ ಕೋಶಗಳು ಸಾಯುತ್ತ ಬಂದಂತೆ ಇವುಗಳಿಗೆ ಆಮ್ಲಜನಕ ತಲುಪಿ, ಮುಂದಿನ ಕಂತುಗಳಲ್ಲಿ ಇವೂ ಸಿಕ್ಕಿಬೀಳುತ್ತವೆ. 70 ಗ್ರೇಯನ್ನು ಒಂದೇ ಸಲಕ್ಕೆ ಕೊಟ್ಟರೆ ಗಡ್ಡೆಯ ಜೊತೆಗೆ ಗಂಟಲೂ ಹೋಗುತ್ತದೆ. 1920ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋಡ್ ರೆಗೋ ಎಂಬ ವಿಜ್ಞಾನಿ ಟಗರುಗಳ ವೃಷಣಗಳ ಮೇಲೆ ಪ್ರಯೋಗ ನಡೆಸಿ, ಚರ್ಮಕ್ಕೆ ತೀವ್ರ ಹಾನಿಯಾಗದೆ ಸಂತಾನಶಕ್ತಿಯನ್ನು ನಾಶಪಡಿಸಲು ಒಂದೇ ದೊಡ್ಡ ಪ್ರಮಾಣದಿಂದ ಆಗದೆ, ಹಂಚಿ ಕೊಟ್ಟಾಗ ಆಗುತ್ತದೆಂದು ತೋರಿಸಿದರು. ಇಲ್ಲಿ ವೃಷಣವನ್ನು ಗಡ್ಡೆಯಂತೆಯೂ ಚರ್ಮವನ್ನು ಸುತ್ತಲಿನ ಆರೋಗ್ಯವಂತ ಭಾಗದಂತೆಯೂ ಭಾವಿಸಿಕೊಳ್ಳಿ. ಆ ತತ್ತ್ವವನ್ನು ಆನ್ರಿ ಕುತಾರ್ ಎಂಬ ವೈದ್ಯರು ರೋಗಿಗಳಿಗೆ ಅನ್ವಯಿಸಿದ್ದು ಗಂಟಲಿನ ಕ್ಯಾನ್ಸರಿನಲ್ಲಿಯೇ.

ಉತ್ತರ 2:
ನನ್ನ ಪತಿಗೆ ಇದೇ ಚಿಕಿತ್ಸೆಯಾಗಿದೆ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಕೂರಿಸಿ, ಅದು ಗಟ್ಟಿಯಾಗುವವರೆಗೆ ಅಲುಗಾಡದೆ ಮಲಗಬೇಕು. ಪ್ರತಿದಿನ ಆ ಮಾಸ್ಕನ್ನು ಮೇಜಿಗೆ ಬಿಗಿದ ನಂತರವೇ ಯಂತ್ರ ತಿರುಗುತ್ತದೆ. ಕೆಲವು ವಾರಗಳಾದ ಮೇಲೆ ಬಾಯಿ ಹುಣ್ಣಾಗಿ ನುಂಗುವುದು ಕಷ್ಟವಾಗುವುದರಿಂದ ಆಹಾರತಜ್ಞರನ್ನು ಮೊದಲೇ ಕಾಣಿರಿ. ಹಲ್ಲಿನ ತಪಾಸಣೆಯನ್ನಂತೂ ಚಿಕಿತ್ಸೆ ಆರಂಭವಾಗುವ ಮುನ್ನವೇ ಮಾಡಿಸಿರಿ. ವಿಕಿರಣ ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕೀಳಿಸಿದರೆ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ.

ಉತ್ತರ 3:
ಎಲ್ಲ ಕ್ಯಾನ್ಸರಿಗೂ ಏಳು ವಾರವೇನಿಲ್ಲ. ಸ್ತನದ ಕ್ಯಾನ್ಸರಿಗೆ 15 ಕಂತು ಈಗ ಸಾಮಾನ್ಯವಾಗಿದ್ದು, ಆಯ್ದ ರೋಗಿಗಳಿಗೆ ಐದೇ ಕಂತುಗಳಲ್ಲಿ 26 ಗ್ರೇ ಕೊಡುವ ಪದ್ಧತಿಯೂ ಬಂದಿದೆ. ಹೀಗಾಗಿ ಬೇರೆ ರೋಗಿಗಳ ಲೆಕ್ಕದೊಂದಿಗೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಡಿ. ಅಂದಹಾಗೆ, ಮಕ್ಕಳಿಂದ ದೂರವಿರಬೇಕೆಂಬ ಮಾತು ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಸೇವಿಸಿದವರಿಗೆ ಕೆಲವು ದಿನಗಳ ಮಟ್ಟಿಗೆ ಅನ್ವಯಿಸುತ್ತದೆ. ಬಹುಶಃ ಅದನ್ನೇ ಯಾರೋ ನಿಮ್ಮ ತಂದೆಯವರಿಗೆ ಹೇಳಿರಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ವಾರ ಬಿಡುವ ವಿಷಯವೊಂದು ಉಳಿಯಿತು.

ಉತ್ತರ 1ರವರು:
ಬಿಡಬಾರದು. ಗಂಟಲಿನ ಈ ಬಗೆಯ ಕ್ಯಾನ್ಸರಿನಲ್ಲಿ ಅಳಿದುಳಿದ ಕೋಶಗಳು ಕೆಲವು ವಾರಗಳ ನಂತರ ಬೇಗಬೇಗ ವೃದ್ಧಿಯಾಗತೊಡಗುವುದರಿಂದ, ಅವಧಿ ಉದ್ದವಾದಷ್ಟೂ ಫಲ ತಗ್ಗುತ್ತದೆ. ಯಂತ್ರ ಕೆಟ್ಟು ಒಂದು ದಿನ ತಪ್ಪಿದರೂ ನಾವು ಶನಿವಾರ ಕರೆಸುತ್ತೇವೆ, ಇಲ್ಲವೇ ಕನಿಷ್ಠ ಆರು ಗಂಟೆಗಳ ಅಂತರವಿಟ್ಟು ಒಂದೇ ದಿನ ಎರಡು ಕಂತು ಕೊಡುತ್ತೇವೆ. ಸುಸ್ತು, ನೋವು ಹೆಚ್ಚಾದರೆ ಮನೆಯಲ್ಲಿ ಉಳಿಯದೆ ವಿಭಾಗಕ್ಕೆ ಬಂದು ಹೇಳಲಿ. ನೋವಿಗೆ ಔಷಧಿ ಇದೆ, ನುಂಗಲು ಆಗದಿದ್ದರೆ ಮೂಗಿನ ಮೂಲಕ ನಳಿಕೆ ಹಾಕಿ ಆಹಾರ ಕೊಡುವ ವ್ಯವಸ್ಥೆಯೂ ಇದೆ.