ಸ್ಕೂಲ್ ಬಸ್ಸಲ್ಲಿ ಮಗಳನ್ನ ‘ಕಾಳೀ’, ‘ಮದ್ರಾಸಿ’ ಅಂತ ಕರೀತಾರೆ. ಮನೇಲಿ ಏನು ಹೇಳಲಿ, ಶಾಲೇಲಿ ಏನು ಮಾಡಲಿ?

ವಾಕಡ್_ಅಮ್ಮ:
ಮಗಳಿಗೆ 8 ವರ್ಷ, ಮೂರನೇ ಕ್ಲಾಸು, ಪುಣೆಯ ಒಂದು ಸಿಬಿಎಸ್‌ಇ ಶಾಲೆ. ನಮ್ಮದು ಧಾರವಾಡದ ಕಡೆ. ಒಂದು ತಿಂಗಳಿಂದ ಬಸ್ಸಲ್ಲಿ ಐದನೇ ಕ್ಲಾಸಿನ ಇಬ್ಬರು ಹುಡುಗರು ಅವಳನ್ನ ‘ಕಾಳೀ’ (ಕರಿಯವಳು), ‘ಮದ್ರಾಸಿ’ ಅಂತ ಕೂಗ್ತಿದ್ದಾರೆ. ಈಗ ಉಳಿದ ಮಕ್ಕಳಿಗೂ ಅದೇ ಅಭ್ಯಾಸ ಆಗಿದೆ. ಗೇಟಿನ ಹತ್ತಿರ ನನ್ನ ಜೊತೆ ಕನ್ನಡ ಮಾತಾಡೋದನ್ನೇ ಬಿಟ್ಟಿದ್ದಾಳೆ. ಮೊನ್ನೆ ಸ್ನಾನಕ್ಕೆ ಹೋದವಳು ಮೊಣಕೈ ಉಜ್ಜಿ ಉಜ್ಜಿ ಕೆಂಪು ಮಾಡ್ಕೊಂಡಿದ್ದಳು. ಅತ್ತೆ ಮೆಡಿಕಲ್ ಶಾಪಿಂದ ಬೆಳ್ಳಗಾಗೋ ಕ್ರೀಮು ತರಿಸಿದ್ದಾರೆ.

ಅವಳಿಗೆ ಏನಂತ ಹೇಳಲಿ? ಆ ಹುಡುಗರ ಮನೆಯವರು ನಮ್ಮ ಸೊಸೈಟಿಯವರೇ, ನೇರ ಅವರ ಹತ್ರಾನೇ ಮಾತಾಡಲಾ? ಇದನ್ನ ರೇಸಿಸಂ ಅನ್ನಬಹುದಾ, ಇಲ್ಲ ನಾನೇ ದೊಡ್ಡದು ಮಾಡ್ತಿದ್ದೀನಾ?

ವಾಶಿ_ಆಪ್ತಸಲಹೆ:
ಕ್ರೀಮನ್ನ ಸದ್ಯ ಬೀರುವಿಗೆ ಹಾಕಿ ಬೀಗ ಹಾಕಿ ಮೇಡಂ, ಅದರ ವಿಷಯ ಚರ್ಮದ ಡಾಕ್ಟರ್ ಯಾರಾದರೂ ಹೇಳಲಿ. ನಾನು ಮಾತಿನ ಬಗ್ಗೆ ಬರೀತೀನಿ.

ಎಂಟು ವರ್ಷಕ್ಕೆ ಅನ್ಯಾಯ ಅಂದ್ರೆ ಏನು ಅಂತ ಚೆನ್ನಾಗಿ ಗೊತ್ತಿರುತ್ತೆ. ಗೊತ್ತಾಗದೆ ಇರೋದು, ತಪ್ಪು ಇರೋದು ಹಾಗಂದವರಲ್ಲೋ ತನ್ನ ಮೈಯಲ್ಲೋ ಅನ್ನೋದು. ಮೊಣಕೈ ಉಜ್ಜಿದ್ದು ಅದಕ್ಕೇ. ಮೊದಲ ಸಲ ಮಾತಾಡುವಾಗ ಇದೊಂದು ಇತ್ಯರ್ಥ ಆದ್ರೆ ಸಾಕು.

ಎದುರು ಕೂರಿಸಿ ಕೇಳಬೇಡಿ. ಬಟಾಣಿ ಸುಲಿಯುವಾಗ, ಒಣಗಿದ ಬಟ್ಟೆ ಮಡಚುವಾಗ ಕೇಳಿ. ಕೈಗೆ ಕೆಲಸ ಇದ್ದು ಕಣ್ಣು ಬೇರೆ ಕಡೆ ಇದ್ದಾಗ ಮಕ್ಕಳು ಬಾಯಿ ಬಿಡ್ತಾರೆ. ಅಜ್ಜಿ, ಅಪ್ಪ ಯಾರೂ ಪಕ್ಕದಲ್ಲಿ ಬೇಡ. ‘ನೀನೇನು ಮಾಡಿದ್ದೆ?’ ಅಂದ್ರೆ ಪೊಲೀಸ್ ವಿಚಾರಣೆ ಆಗುತ್ತೆ. ‘ಅವರು ಹಾಗಂದ ಮೇಲೆ ಏನಾಯ್ತು?’ ಅಂತ ಕೇಳಿ ಸುಮ್ಮನಿರಿ. ಹತ್ತು ನಿಮಿಷ ಸಾಕು. ಕೊನೆಗೆ ಎರಡೇ ಮಾತು: ‘ನಿನ್ನ ಬಣ್ಣದಲ್ಲಿ ಯಾವ ತಪ್ಪೂ ಇಲ್ಲ. ಹಾಗೆ ಕರೆಯೋದು ತಪ್ಪು, ಅದನ್ನ ನಿಲ್ಲಿಸೋದು ದೊಡ್ಡವರ ಕೆಲಸ.’

ಹೇಳಬಾರದ ಮಾತುಗಳೂ ಇವೆ. ‘ಕಿವಿಗೆ ಹಾಕ್ಕೋಬೇಡ’ ಅಂದ್ರೆ ಮಗುವಿಗೆ ಕೇಳಿಸೋದು ‘ನನ್ನ ಹತ್ರ ಮತ್ತೆ ಹೇಳಬೇಡ’ ಅಂತ. ‘ನೀನೇನು ಅಷ್ಟು ಕಪ್ಪಿಲ್ಲ ಬಿಡು’ ಅಂದ್ರೆ ಕಪ್ಪು ಕೆಟ್ಟದ್ದು ಅಂತ ನೀವೇ ಒಪ್ಪಿದ ಹಾಗೆ. ‘ಈ ಮರಾಠಿಯವರೇ ಹೀಗೆ’ ಅನ್ನೋದಂತೂ ಆ ಹುಡುಗರು ಮಾಡ್ತಿರೋ ಕೆಲಸವೇ, ಭಾಷೆ ಬೇರೆ ಅಷ್ಟೇ.

ಮುಂದಿನದು ತಾಲೀಮು. ದಿನಕ್ಕೆ ಐದು ನಿಮಿಷ, ಒಂದು ವಾರ. ಮೊದಲ ಎರಡು ದಿನ ನೀವು ಮಗಳಾಗಿ, ಅವಳು ಆ ಹುಡುಗ ಆಗಲಿ. ಆಮೇಲೆ ಅದಲು ಬದಲು. ಮಾತು ಬಸ್ಸಿನ ಭಾಷೆಯಲ್ಲೇ ಇರಬೇಕು, ಕನ್ನಡದಲ್ಲಿ ಕಲಿಸಿದ ಉತ್ತರ ಅಲ್ಲಿ ನಾಲಿಗೆಗೆ ಬರೋದಿಲ್ಲ. ‘ನಾವಾನೇ ಹಾಕ್ ಮಾರ್’, ಅಂದರೆ ಹೆಸರು ಹಿಡಿದು ಕರೆ. ಹಿಂದಿಯವರಾದರೆ ‘ನಾಮ್ ಸೇ ಬುಲಾವೋ’. ಒಂದೇ ಸಲ, ಮಾಮೂಲಿ ದನಿಯಲ್ಲಿ ಹೇಳಿ, ಎದ್ದು ಬಸ್ಸಿನ ತಾಯಿಯ (ಬಸ್ಸಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಆಯಾ) ಹತ್ತಿರ ಹೋಗಿ ಕೂರೋದು.

ಇಲ್ಲಿ ಎಡವೋದು ಎರಡು ಕಡೆ. ಮಕ್ಕಳು ಗಾಬರಿಗೆ ನಗ್ತಾ ಹೇಳ್ತಾರೆ, ಕೇಳಿದವರಿಗೆ ಆಟ ಅನ್ನಿಸುತ್ತೆ. ಕನ್ನಡಿ ಮುಂದೆ ನಗದೆ ಹೇಳೋದನ್ನ ಅಭ್ಯಾಸ ಮಾಡಿಸಿ. ಇನ್ನೊಂದು, ಅಪ್ಪಂದಿರು ಖಾರವಾದ ತಿರುಗೇಟು ಹೇಳಿಕೊಡ್ತಾರೆ. ಹತ್ತು ವರ್ಷದ ಇಬ್ಬರ ಎದುರು ಎಂಟರ ಮಗು ಬೈಗುಳದ ಪಂದ್ಯ ಗೆಲ್ಲೋದಿಲ್ಲ. ಸಾಲದ್ದಕ್ಕೆ ಡೈರಿಯಲ್ಲಿ ಕಂಪ್ಲೇಂಟ್ ಇವಳ ಮೇಲೇ ಬರುತ್ತೆ.

ಡಬ್ಬಿ ತುಂಬಿಕೊಂಡೇ ವಾಪಸ್ ಬರೋದು, ಸೋಮವಾರ ಬೆಳಗ್ಗೆ ಹೊಟ್ಟೆನೋವು, ಪಿ.ಟಿ. ತಪ್ಪಿಸೋದು, ಮೈ ಉಜ್ಜೋದು ಇವೆಲ್ಲ ಎರಡು ವಾರ ಮೀರಿ ನಡೆದರೆ ಶಾಲೆಯ ಕೌನ್ಸೆಲರ್ ಅಥವಾ ಮಕ್ಕಳ ಮನಶ್ಶಾಸ್ತ್ರಜ್ಞರನ್ನ ಕಾಣಿ.

ಠಾಣೆ_ಚರ್ಮವೈದ್ಯ:
ಕ್ರೀಮಿನ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿ. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಅಂತ ಇದ್ದರೆ ಅದು ಸ್ಟೆರಾಯ್ಡ್. ಹೈಡ್ರೋಕ್ವಿನೋನ್ ಇದ್ದರೂ ಮಗುವಿಗೆ ಬೇಡವೇ ಬೇಡ. ಎರಡು ಮೂರು ವಾರ ಮುಖ ತಿಳಿಯಾದಂತೆ ಕಾಣುತ್ತದೆ, ಅಂಗಡಿಯವರ ವ್ಯಾಪಾರ ನಡೆಯೋದು ಆ ಮೂರು ವಾರದ ಮೇಲೇ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತದೆ, ಮೊಡವೆ, ಕೂದಲು, ಬಿಸಿಲಿಗೆ ಹೋದರೆ ಉರಿ. ಮಕ್ಕಳ ಚರ್ಮ ತೆಳು, ಔಷಧ ಹೆಚ್ಚು ಒಳಗೆ ಇಳಿಯುತ್ತದೆ. ಇಂಥ ಹಲವು ಸ್ಟೆರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿದೆ. ಲೇಬಲ್ಲೇ ಇಲ್ಲದ ಕ್ರೀಮುಗಳಲ್ಲಿ ಪಾದರಸ ಇರಬಹುದು, ಅದು ಕಿಡ್ನಿಗೆ ಏಟು. ಇನ್ನೂ ಹಚ್ಚಿಲ್ಲದಿದ್ದರೆ ಎಸೆಯಿರಿ. ಕೆಲವು ವಾರ ಹಚ್ಚಿದ್ದಾಗಿದ್ದರೆ ಥಟ್ಟನೆ ನಿಲ್ಲಿಸದೆ ಚರ್ಮದ ಡಾಕ್ಟರಿಗೆ ತೋರಿಸಿ.

ಉಜ್ಜಿದಷ್ಟೂ ಚರ್ಮ ಕಪ್ಪಾಗುತ್ತದೆ, ಬೆಳ್ಳಗಾಗೋದಿಲ್ಲ. ಇದನ್ನು ಮಗಳಿಗೂ ಹೇಳಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಕಲೆಗಳೇ ಬೀಳುತ್ತವೆ. ಒಂದು ಮಾತ್ರ ಬೇರೆ ವಿಷಯ: ಕುತ್ತಿಗೆಯ ಹಿಂದೆ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗಿದ್ದರೆ ಅದು ಕೊಳೆಯೂ ಅಲ್ಲ, ಹುಟ್ಟುಬಣ್ಣವೂ ಅಲ್ಲ. ಇನ್ಸುಲಿನ್ ಏರುಪೇರಿನ ಗುರುತಿರಬಹುದು, ಮಕ್ಕಳ ಡಾಕ್ಟರಿಗೆ ತೋರಿಸಿ.

ಮಗು ‘ಯಾಕೆ ನಾನು ಹೀಗೆ’ ಅಂದರೆ ವಿಜ್ಞಾನವನ್ನೇ ಹೇಳಿ, ಎಂಟು ವರ್ಷಕ್ಕೆ ಅರ್ಥವಾಗುತ್ತದೆ. ಚರ್ಮದಲ್ಲಿ ಬಣ್ಣ ಮಾಡುವ ಕೋಶಗಳು ಎಲ್ಲರಿಗೂ ಹೆಚ್ಚು ಕಡಿಮೆ ಅಷ್ಟೇ ಇರುತ್ತವೆ, ಆ ಹುಡುಗರಿಗೂ ಇವಳಿಗೂ. ಅವು ಎಷ್ಟು ಮೆಲನಿನ್ ಮಾಡುತ್ತವೆ ಅನ್ನೋದರಲ್ಲಿ ಮಾತ್ರ ವ್ಯತ್ಯಾಸ. ಮೆಲನಿನ್ ಅಂದರೆ ಚರ್ಮ ತನಗೆ ತಾನೇ ಹಿಡಿದುಕೊಂಡ ಕೊಡೆ. ಬಿಸಿಲು ಜಾಸ್ತಿ ಇರುವ ನಾಡಿನ ಜನಕ್ಕೆ ದೊಡ್ಡ ಕೊಡೆ. ತೋಳಿನ ಒಳಭಾಗ ತೋರಿಸಿ, ಅದೇ ಹುಟ್ಟುಬಣ್ಣ. ಹೊರಭಾಗದ್ದು ಅದಕ್ಕೆ ಬಿಸಿಲು ಸೇರಿಸಿದ್ದು. ‘ಕಪ್ಪಾಗ್ತೀಯ’ ಅಂತ ಆಟಕ್ಕೆ ಬಿಡದೆ ಇರಬೇಡಿ. ಮೆಲನಿನ್ ಹೆಚ್ಚಿದ್ದವರಿಗೆ ವಿಟಮಿನ್ ಡಿ ತಯಾರಾಗಲು ಬಿಸಿಲು ಇನ್ನೂ ಹೆಚ್ಚು ಹೊತ್ತು ಬೇಕು.

ಮಾಟುಂಗಾ_ಟೀಚರ್:
ಮೇಲಿನವರು ಬಸ್ಸಿನದ್ದು ಹೇಳಿದರು, ನಾನು ಸ್ವಲ್ಪ ಮನೆಯೊಳಗಿನದ್ದು ಹೇಳ್ತೇನೆ, ಬೇಸರ ಮಾಡಬೇಡಿ. ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’, ‘ಕಪ್ಪಾದರೂ ಕಸ್ತೂರಿ’. ಹೊಗಳಿಕೆಯೇ ಅಂತ ಹೇಳುವುದು, ಆದರೆ ವಿಷ ಇರುವುದು ಆ ‘ಆದರೂ’ದಲ್ಲಿ. ‘ಬೆಳ್ಳಗಿದ್ದರೂ ಲಕ್ಷಣವಾಗಿದ್ದಾಳೆ’ ಅಂತ ಯಾರಾದರೂ ಹೇಳುವುದುಂಟಾ ಮಾರಾಯ್ರೆ? ಮಗು ಇದನ್ನು ಬಸ್ಸಿಗಿಂತ ಐದು ವರ್ಷ ಮೊದಲೇ ಕೇಳಿಸಿಕೊಂಡಿರುತ್ತದೆ. ಅತ್ತೆಯವರ ಹತ್ತಿರ ಜಗಳ ಬೇಡ. ‘ಅತ್ತೆ, ಶಾಲೆಯಲ್ಲಿ ಅದಕ್ಕೇ ಅವಳನ್ನು ಅಳಿಸ್ತಿದ್ದಾರೆ, ಮನೆಯಲ್ಲಿ ಬಣ್ಣದ ಮಾತೇ ಬೇಡ’ ಅಂದರೆ ಹೆಚ್ಚಿನ ಅಜ್ಜಿಯಂದಿರು ಒಪ್ಪುತ್ತಾರೆ. ಮೊಮ್ಮಗಳ ಕಣ್ಣೀರಿನ ಮುಂದೆ ಕಡಲೆಹಿಟ್ಟು ಯಾವ ಲೆಕ್ಕ!

ಮತ್ತೊಂದು, ಮಕ್ಕಳ ಬಣ್ಣದ ಪೆಟ್ಟಿಗೆ. ನಸುಗುಲಾಬಿ ಕ್ರೇಯಾನಿಗೆ ಕ್ಲಾಸಿನಲ್ಲಿ ಎಲ್ಲರೂ ‘ಸ್ಕಿನ್ ಕಲರ್’ ಅಂತಲೇ ಹೇಳುವುದು. ಅಮೆರಿಕದ ಕ್ರಯೋಲಾ ಕಂಪನಿ ‘ಫ್ಲೆಶ್’ ಅನ್ನುವ ಹೆಸರನ್ನು 1962ರಲ್ಲೇ ‘ಪೀಚ್’ ಅಂತ ಬದಲಾಯಿಸಿತು. ನಮ್ಮ ಬಾಯಲ್ಲಿ ಅದು ಇನ್ನೂ ಉಳಿದಿದೆ.

ಒಂದು ಭಾನುವಾರ ಇದನ್ನು ಮಾಡಿಸಿ. ಪೋಸ್ಟರ್ ಕಲರ್, ಬಿಳಿ ತಟ್ಟೆ, ದಪ್ಪ ಡ್ರಾಯಿಂಗ್ ಹಾಳೆ. ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಎರಡು ಚಮಚ, ಯೆಲ್ಲೋ ಆಕರ್ (ಮಣ್ಣಿನ ಹಳದಿ) ಒಂದು ಚಮಚ, ಚೂರು ಬಿಳಿ. ಮನೆಯ ಪ್ರತಿಯೊಬ್ಬರ ತೋಳಿನ ಒಳಭಾಗಕ್ಕೆ ಹೊಂದುವ ತನಕ ಕಲೆಸುವುದು. ಕಾಗದದ ತುಂಡಿಗೆ ಬಳಿದು, ಒಣಗಿದ ಮೇಲೆ ತೋಳಿನ ಪಕ್ಕ ಹಿಡಿದು ನೋಡಬೇಕು, ಹಸಿ ಬಣ್ಣ ಮೋಸ ಮಾಡುತ್ತದೆ. ಗಾಢ ಮಾಡಲಿಕ್ಕೆ ಎಲ್ಲರೂ ಕಪ್ಪು ಹಾಕುತ್ತಾರೆ, ಅಲ್ಲೇ ಕೆಡುವುದು. ಹಳದಿಗೆ ಕಪ್ಪು ಸೇರಿದರೆ ಹಸಿರು ಛಾಯೆ ಬಂದು ಬೂದಿ ಬಳಿದ ಹಾಗೆ ಕಾಣುತ್ತದೆ. ಕಪ್ಪಿನ ಬದಲು ಕಡ್ಡಿಯ ತುದಿಯಲ್ಲಿ ಚೂರು ನೀಲಿ, ಅಥವಾ ಬರ್ನ್ಟ್ ಅಂಬರ್ (ಗಾಢ ಕಂದು). ಆಮೇಲೆ ಪ್ರತಿ ಬಣ್ಣಕ್ಕೆ ಅವಳೇ ಹೆಸರು ಇಡಲಿ: ಬೆಲ್ಲ, ಹುಣಸೆಹಣ್ಣು, ರಾಗಿ, ತೆಂಗಿನ ಚಿಪ್ಪು. ಅಪ್ಪ ಮತ್ತು ಅಜ್ಜಿಯ ಬಣ್ಣ ಬೇರೆ ಬೇರೆ ಅಂತ ಗೊತ್ತಾಗುವುದೇ ದೊಡ್ಡ ಪಾಠ.

ವಾಕಡ್_ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಡಬ್ಬಿ ಮೇಲೆ ಮೊಮೆಟಾಸೋನ್ ಅಂತಲೇ ಇದೆ, ಇನ್ನೂ ತೆರೆದಿರಲಿಲ್ಲ, ಎಸೆದೆ. ಬಸ್ಸಿನದ್ದು ಕಂತ್ರಾಟಿನವರಂತೆ, ‘ನಮ್ಮ ಗೇಟಿನ ಹೊರಗಿನದ್ದು’ ಅಂತ ಆಫೀಸಿನವರು ಕೈ ತೊಳ್ಕೊಂಡ್ರು. ಈಗ?

ಶಿವಾಜಿನಗರ_ವಕೀಲ:
ಗೇಟಿನ ಹೊರಗಿನದ್ದು ಅನ್ನೋ ಮಾತು ನಿಲ್ಲೋದಿಲ್ಲ. ಮಹಾರಾಷ್ಟ್ರದ 2011ರ ಸ್ಕೂಲ್ ಬಸ್ ನಿಯಮಗಳ ಪ್ರಕಾರ ಶಾಲೆಗೊಂದು ಪರಿವಹನ (ಸಾರಿಗೆ) ಸಮಿತಿ ಇರಬೇಕು, ಮುಖ್ಯೋಪಾಧ್ಯಾಯರೇ ಅದರ ಅಧ್ಯಕ್ಷರು. ಸಿಬಿಎಸ್‌ಇ 2015ರಲ್ಲೇ ಬುಲ್ಲಿಯಿಂಗ್ (ಮಕ್ಕಳು ಮಕ್ಕಳನ್ನೇ ಪೀಡಿಸೋದು) ತಡೆಗೆ ಶಾಲೆಗಳಲ್ಲಿ ಸಮಿತಿ ಮಾಡಿ ಅಂತ ಸುತ್ತೋಲೆ ಕಳಿಸಿದೆ. ನಿಮ್ಮ ಪತ್ರದಲ್ಲಿ ಈ ಎರಡರ ಹೆಸರೂ ಬರಲಿ.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಖು, ಬಸ್ ನಂಬರು, ಹೋಗುವಾಗಲೋ ಬರುವಾಗಲೋ, ಅಂದ ಪದ ಅಂದ ಹಾಗೇ, ಹತ್ತಿರ ಯಾವ ದೊಡ್ಡವರಿದ್ದರು. ‘ಕೆಟ್ಟದಾಗಿ ಮಾತಾಡಿದರು’ ಅಂತ ಬರೆದರೆ ಶಾಲೆ ಅದನ್ನ ಮಕ್ಕಳ ಜಗಳ ಅಂತ ಫೈಲಿಗೆ ಹಾಕುತ್ತೆ. ‘ಕಾಳೀ’, ‘ಮದ್ರಾಸಿ’ ಅಂತಲೇ ಬರೀರಿ. ಕ್ಲಾಸ್ ಟೀಚರಿಗೆ ಇಮೇಲ್, ಪ್ರತಿ ಪ್ರಿನ್ಸಿಪಾಲರಿಗೆ. ಅರ್ಧ ಪುಟ ಮೀರಬಾರದು. ಕೇಳೋದು ಮೂರು: ಬಸ್ಸಲ್ಲಿ ಸೀಟು ಗೊತ್ತು ಮಾಡಿ ಆ ಹುಡುಗರನ್ನ ಮುಂದಿನ ಸಾಲಿಗೆ ಹಾಕೋದು (ನಿಮ್ಮ ಮಗಳ ಜಾಗ ಬದಲಿಸೋದಲ್ಲ, ಅದು ಅವಳಿಗೇ ಶಿಕ್ಷೆ ಆಗುತ್ತೆ), ಬಸ್ಸಿನ ತಾಯಿಗೆ ಲಿಖಿತ ಸೂಚನೆ, ಏನು ಮಾಡಿದಿರಿ ಅಂತ ಏಳು ದಿನದೊಳಗೆ ಉತ್ತರ. ಶಿಕ್ಷೆ ಕೊಡಿ ಅಂತ ಬರೀಬೇಡಿ, ಆ ಗಳಿಗೆಯಿಂದ ಶಾಲೆ ಆ ಹುಡುಗರ ಪರ ವಕೀಲಿಗೆ ಇಳಿಯುತ್ತೆ.

ಸೊಸೈಟಿಯ ಅಮ್ಮಂದಿರ ಹತ್ತಿರ ಸದ್ಯ ಬೇಡ, ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ಒಂದು ಸಲ ಗ್ರೂಪಿಗೆ ಬಿದ್ದರೆ ಅದು ಮರಾಠಿ ಕನ್ನಡ ಜಗಳ ಆಗಿ, ಮಗುವಿನ ವಿಷಯ ಮೂಲೆ ಸೇರುತ್ತೆ.

ಏಳು ದಿನಕ್ಕೆ ಉತ್ತರ ಬರದಿದ್ದರೆ ಪ್ರಿನ್ಸಿಪಾಲರನ್ನ ಖುದ್ದು ಕಾಣಿ. ಶಾಲೆಯ ತಕ್ರಾರ್ ಪೇಟಿಯಲ್ಲೂ (ದೂರು ಪೆಟ್ಟಿಗೆ) ಒಂದು ಪ್ರತಿ ಹಾಕಿ. ಅದಕ್ಕೂ ಬಗ್ಗದಿದ್ದರೆ ಮಹಾರಾಷ್ಟ್ರ ರಾಜ್ಯ ಬಾಲ ಹಕ್ಕು ಸಂರಕ್ಷಣಾ ಆಯೋಗಕ್ಕೆ ದೂರು. 1098 ಇಪ್ಪತ್ನಾಲ್ಕು ಗಂಟೆಯೂ ಇರುತ್ತೆ, ಉಚಿತ. ಟೀಚರೇ ಬಣ್ಣ ಎತ್ತಿ ಆಡಿದರೆ ಲೆಕ್ಕ ಬೇರೆ: ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಗುವಿನ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತೆ. ಜಾತಿ ಹೆಸರೆತ್ತಿ ಬೈದರೆ ಅದರ ಕಾನೂನೇ ಪ್ರತ್ಯೇಕ, ಆಗ ವಕೀಲರನ್ನ ಕೂಡಲೇ ಕಾಣಿ.

ರೇಸಿಸಂ ಅನ್ನಬಹುದಾ ಅಂದ್ರಲ್ಲ. ಸಂವಿಧಾನದ 15ನೇ ವಿಧಿಯಲ್ಲಿ ಜನಾಂಗ, ಜಾತಿ, ಹುಟ್ಟಿದ ಸ್ಥಳ ಎಲ್ಲ ಇದೆ, ‘ಬಣ್ಣ’ ಅನ್ನೋ ಪದ ಇಲ್ಲ. ಆದರೆ ವಿಶ್ವಸಂಸ್ಥೆಯ 1965ರ ಜನಾಂಗ ತಾರತಮ್ಯ ವಿರೋಧಿ ಒಪ್ಪಂದದ ವ್ಯಾಖ್ಯೆಯಲ್ಲಿ ಬಣ್ಣವೂ ಇದೆ, ಮೂಲವೂ ಇದೆ. ಭಾರತ ಅದನ್ನ 1968ರಲ್ಲಿ ಒಪ್ಪಿದೆ. ಹಾಗಾಗಿ ನೀವು ದೊಡ್ಡದು ಮಾಡ್ತಿಲ್ಲ. ಪತ್ರದಲ್ಲಿ ಮಾತ್ರ ಆ ಪದ ಬೇಡ. ಅದು ರೇಸಿಸಮ್ಮೋ ಅಲ್ಲವೋ ಅನ್ನೋ ಚರ್ಚೆಯಲ್ಲೇ ಒಂದು ತಿಂಗಳು ಹೋಗುತ್ತೆ.

ವಾಸ್ಕೋ_ಮಂದಿ:
ಅಕ್ಕಾರ, ‘ಮದ್ರಾಸಿ’ಗೆ ಒಂದು ಮಾತು ಹೇಳ್ತೀನ್ರಿ. ಧಾರವಾಡ, ಬಿಜಾಪುರ, ಬೆಳಗಾವಿ ಜಿಲ್ಲೆ ಯಾವತ್ತೂ ಮದ್ರಾಸಿನಾಗ ಇರಲೇ ಇಲ್ಲ. 1956ರ ನವೆಂಬರ್ 1ರ ತನಕ ಮುಂಬೈ ರಾಜ್ಯದಾಗ ಇದ್ದವು, ಪುಣೆ ಜೋಡಿನ. ಹಳೇ ನಕ್ಷೆ ತೋರಿಸ್ರಿ, ಹುಡುಗಿ ನಗತಾಳ. ಹಂಗಂತ ‘ನಾವು ಮದ್ರಾಸಿ ಅಲ್ಲ’ ಅನ್ನೂದನ್ನ ಉತ್ತರ ಮಾಡಿ ಕಲಿಸಬ್ಯಾಡ್ರಿ. ಮದ್ರಾಸಿನವರಾಗಿದ್ರ ಅನ್ನಬಹುದಿತ್ತು ಅಂದಂಗ ಆಗ್ತದ.

ಇಲ್ಲಿ ಗೋವಾದಾಗ ನಮ್ಮ ಮಂದಿ ಮಕ್ಕಳಿಗೆ ‘ಘಾಂಟಿ’ ಅಂತಾರ, ಘಟ್ಟದ ಮ್ಯಾಲಿನವರು ಅಂತ. ಅಂದವರ ಭಾಷಾ ಬ್ಯಾರೆ, ಚಾಳಿ ಒಂದ. ಆದ್ರ ನಮ್ಮ ಬಾಯಿನೂ ನೋಡ್ಕೋಬೇಕ್ರಿ. ಈಶಾನ್ಯದ ಹುಡುಗರಿಗೆ ‘ಚೈನೀಸ್’, ಆಫ್ರಿಕಾದ ವಿದ್ಯಾರ್ಥಿಗಳಿಗೆ ‘ಹಬ್ಶಿ’ ಅನ್ನೂದು ನಮ್ಮ ಮನ್ಯಾಗೂ ಅದ. ಮಗು ಅದನ್ನೂ ಕೇಳ್ತದ.

ಅಂದಂಗ ‘ಹಬ್ಶಿ’ ಅನ್ನೂದು ಒಂದ ಕಾಲಕ್ಕ ದೊಡ್ಡ ಸರದಾರರ ಹೆಸರು. ಇಥಿಯೋಪಿಯಾದಾಗ ಹುಟ್ಟಿ, ಗುಲಾಮನಾಗಿ ಮಾರಾಟ ಆಗಿ, ದಖ್ಖನ್ನಿಗೆ ಬಂದ ಮಲಿಕ್ ಅಂಬರ್ ಅಹ್ಮದನಗರದ ರಾಜ್ಯ ನಡೆಸಿದ, 1610ರಾಗ ಖಡ್ಕಿ ಊರು ಕಟ್ಟಿದ. ಅದ ಮುಂದ ಔರಂಗಾಬಾದ್ ಆತು. ಬಿಜಾಪುರದಾಗ ಮುಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನನೂ ಹಬ್ಶಿನ. ಯಲ್ಲಾಪುರ, ಹಳಿಯಾಳದಾಗಿನ ಆಫ್ರಿಕಾ ಮೂಲದ ಸಿದ್ದಿ ಮಂದಿ ಕನ್ನಡ, ಕೊಂಕಣಿ ಮಾತಾಡ್ತಾರ, 2003ರಾಗ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರ್ಯಾರ. ಊರಿಗೆ ಹೋಗೂ ದಾರ್ಯಾಗ ಮಗಳಿಗೆ ಇದನ್ನ ಹೇಳ್ರಿ. ಕನ್ನಡದವರು ಅಂದ್ರ ಒಂದ ಬಣ್ಣ ಅಲ್ಲ ಅಂತ ಆಕಿಗೇ ತಿಳೀತದ.

ಗೇಟಿನ ಹತ್ರ ಕನ್ನಡ ಮಾತಾಡಂಗಿಲ್ಲ ಅಂದ್ರ ಒತ್ತಾಯ ಮಾಡಬ್ಯಾಡ್ರಿ. ನೀವು ಮಾತ್ರ ಬಿಡಬ್ಯಾಡ್ರಿ. ನೀವು ಕನ್ನಡದಾಗ ಕೇಳ್ರಿ, ಆಕಿ ಹಿಂದ್ಯಾಗ ಹೇಳಲಿ. ನೀವ ಸಣ್ಣ ದನಿ ಮಾಡಿದ್ರ, ನಾಚೂ ವಿಷಯ ಅಂತ ಆಕಿ ತಿಳ್ಕೊತಾಳ.

ವಾಕಡ್_ಅಮ್ಮ:
ಇಮೇಲ್ ಕಳಿಸಿದೆ, ಹನ್ನೊಂದು ಸಾಲು, ಮೂರೇ ಬೇಡಿಕೆ. ಮಾಟುಂಗಾ ಟೀಚರ್, ನಮ್ಮ ಬಣ್ಣದ ಪೆಟ್ಟಿಗೆಯಲ್ಲಿ ಬರ್ನ್ಟ್ ಸಿಯೆನ್ನಾ ಇಲ್ಲ. ಬರೀ ಬ್ರೌನ್ ಇದೆ, ನಡೆಯುತ್ತಾ?

ಮಾಟುಂಗಾ_ಟೀಚರ್:
ನಡೆಯುತ್ತದೆ. ಆ ಬ್ರೌನ್ ಸ್ವಲ್ಪ ಸಪ್ಪೆ ಇರುತ್ತದೆ, ಎರಡು ಚಮಚಕ್ಕೆ ಕಾಲು ಚಮಚ ಕಿತ್ತಳೆ ಸೇರಿಸಿ. ಬಿಳಿ ಕೊನೆಗೆ, ಅದೂ ಸಾಸಿವೆ ಕಾಳಿನಷ್ಟೇ. ಮೊದಲೇ ಬಿಳಿ ಸುರಿದರೆ ಬಣ್ಣ ಗುಲಾಬಿಗೆ ತಿರುಗಿ ಮತ್ತೆ ಹಿಂದೆ ಬರುವುದಿಲ್ಲ.