40 ಸೆಕೆಂಡ್ ಉಳಿದಿರುವ ಕ್ಯಾಸೆಟ್: ಚಿಕ್ಕಂದಿನಲ್ಲಿ ಕೇಳಿದ ರೆಗೆ ಹಾಡು ಹುಡುಕಲು ಸಹಾಯ ಬೇಕು

ಹಳೇ_ಕ್ಯಾಸೆಟ್:

ಎಲ್ಲರಿಗೂ ನಮಸ್ಕಾರ. 1976ರಿಂದ 1984ರವರೆಗೆ ನಾವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದೆವು. ಅಪ್ಪ ಅಲ್ಲಿ ಡಾಕ್ಟರ್. ಮನೆ ಇದ್ದದ್ದು ಹ್ಯಾಂಡ್ಸ್‌ವರ್ತ್‌ನಲ್ಲಿ, ಗೋಡೆಯ ಆಚೆ ಜಮೈಕಾದ ಒಂದು ಕುಟುಂಬ. ಭಾನುವಾರ ಅವರು ರೆಕಾರ್ಡ್ ಹಾಕಿದರೆ ನಮ್ಮ ಅಡುಗೆಮನೆಯ ಲೋಟಗಳು ಗುಂಯ್ ಅನ್ನುತ್ತಿದ್ದವು. ಅಮ್ಮ ಬೈಯುತ್ತಲೇ ಒಗ್ಗರಣೆ ಹಾಕುತ್ತಿದ್ದರು, ಅದೂ ತಾಳ ತಪ್ಪದೆ.

ಆ ಮನೆಯ ಹುಡುಗ ನನಗೊಂದು ಕ್ಯಾಸೆಟ್ ತುಂಬಿಸಿ ಕೊಟ್ಟಿದ್ದ. ಊರಿಗೆ ಬಂದ ಮೇಲೆ ಅಮ್ಮ ಅದರ ಬಿ ಸೈಡಿನ ಮೇಲೆ ದೇವರನಾಮ ರೆಕಾರ್ಡ್ ಮಾಡಿಬಿಟ್ಟರು. ಕೊನೆಯಲ್ಲಿ ಸುಮಾರು 40 ಸೆಕೆಂಡ್ ಮಾತ್ರ ರೆಗೆ ಉಳಿದಿದೆ. ಡ್ರಮ್ಸ್, ಬೇಸ್, ಕೊನೆಗೆ ಒಬ್ಬ ಗಂಡಸು ಏನೋ ಮಾತಾಡೋಕೆ ಶುರು ಮಾಡುತ್ತಾನೆ, ಟೇಪ್ ಮುಗಿಯುತ್ತದೆ.

ನನಗೆ ನೆನಪಿರುವುದು ಇಷ್ಟು: ಹಾಡಿನಲ್ಲಿ ಹುಡುಗಿಯರ ದನಿ ಇತ್ತು. ‘ನಾ ಪಾಪ ನೋ ಸ್ಟೈಲ್’ ಅಂತ ಹಾಡುತ್ತಿದ್ದರು. ಕನ್ನಡದಲ್ಲಿ ‘ನಾ ಪಾಪ’ ಅಂತ ಯಾಕೆ ಹೇಳುತ್ತಾರೆ ಅಂತ ನಾನೂ ಅಕ್ಕನೂ ತಲೆ ಕೆಡಿಸಿಕೊಂಡಿದ್ದೆವು. ಆದರೆ ಅದೇ ಹಾಡಿನಲ್ಲಿ ಗಂಡಸಿನ ಮಾತೂ ಇತ್ತು. ಹಾಡು ಗುರುತಿಸುವ ಶಜಾಮ್ ಆ್ಯಪ್‌ಗೆ ಕೇಳಿಸಿದೆ, ಏನೂ ಸಿಗಲಿಲ್ಲ. ಗೂಗಲ್‌ಗೆ ಗುನುಗಿದೆ, ಯಾವುದೋ ಮದುವೆ ಬ್ಯಾಂಡ್ ತೋರಿಸಿತು. ಅಕ್ಕನ ಮಗ ಕೇಳಿ, ‘ಇದು ಶಾನ್ ಪಾಲ್ ಹಾಡು ಮಾಮ, ಗ್ಯಾರಂಟಿ’ ಅಂದ. ಶಾನ್ ಪಾಲ್ ಹಾಡು ಬಂದದ್ದು 2000ದ ನಂತರ. ನಾನು ದೇಶ ಬಿಟ್ಟದ್ದು 1984ರಲ್ಲಿ! ಹೇಗೆ ಸಾಧ್ಯ?

ಇನ್ನೊಂದು ಹಾಡೂ ಇದೆ. ‘ಎನಿಥಿಂಗ್ ಐ ಓನ್’ ಅಂತ ಒಬ್ಬರು ತುಂಬಾ ಮೆತ್ತಗೆ ಹಾಡುತ್ತಾರೆ. ಹುಡುಕಿದರೆ ಗಿಟಾರಿನ ಒಂದು ಅಮೆರಿಕನ್ ಹಾಡು ಬರುತ್ತದೆ. ಅದಲ್ಲ.

ಸುಮ್ನೆ_ಬಂದೆ:

ಬಾಬ್ ಮಾರ್ಲಿ ಇರಬೇಕು ನೋಡಿ. ‘ಡೋಂಟ್ ವರಿ ಬಿ ಹ್ಯಾಪಿ’ ಹಾಡಿದವರು.

ಬೇಸ್_ಭಟ್ಟ:

ಅದನ್ನು ಹಾಡಿದ್ದು ಬಾಬಿ ಮೆಕ್‌ಫೆರಿನ್, 1988ರಲ್ಲಿ. ಮಾರ್ಲಿ ತೀರಿಕೊಂಡದ್ದು 1981ರ ಮೇ ತಿಂಗಳಲ್ಲಿ. ಎಂಪಿ3 ಹಂಚಿಕೊಳ್ಳುವ ಕಾಲದಲ್ಲಿ ಯಾರೋ ತಪ್ಪು ಹೆಸರು ಹಾಕಿದರು, ಅದು ಇವತ್ತಿಗೂ ಓಡುತ್ತಿದೆ. ಯುಬಿ40 ತಂಡದ ‘ರೆಡ್ ರೆಡ್ ವೈನ್’ ಕೂಡ ಮಾರ್ಲಿ ಲೆಕ್ಕಕ್ಕೇ ಬಿದ್ದಿದೆ. ರೆಗೆ ಹುಡುಕುವವರು ಮೊದಲು ಕಲಿಯಬೇಕಾದ್ದು ಇದು: ಫೈಲಿನ ಹೆಸರನ್ನು ನಂಬಬೇಡಿ.

ಈಗ ನಿಮ್ಮ ವಿಷಯ. ಸುಲಭದ್ದು ಮೊದಲು. ‘ಎನಿಥಿಂಗ್ ಐ ಓನ್’ ಕೆನ್ ಬೂತ್ ಅವರದು. 1974ರಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಗಿತ್ತು. ಹಾಡಿನ ಹೆಸರು ‘ಎವ್ರಿಥಿಂಗ್ ಐ ಓನ್’, ಮೂಲ ಅಮೆರಿಕದ ಬ್ರೆಡ್ ತಂಡದ್ದು. ಆದರೆ ಬೂತ್ ಹಾಡಿನ ಉದ್ದಕ್ಕೂ ‘ಎನಿಥಿಂಗ್’ ಅಂತಲೇ ಹಾಡಿದ್ದಾರೆ! ನಿಮ್ಮ ಕಿವಿ ಸರಿಯಾಗಿಯೇ ಇತ್ತು. ಪ್ರೇಮಗೀತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬರೆದ ಡೇವಿಡ್ ಗೇಟ್ಸ್ ಅದನ್ನು ಬರೆದದ್ದು ತೀರಿಕೊಂಡ ತಂದೆಯ ನೆನಪಿಗೆ.

ಕಷ್ಟದ್ದಕ್ಕೆ ಒಂದು ಪ್ರಶ್ನೆ. ಕ್ಯಾಸೆಟ್ ಓಡಿಸಿದ್ದು ಯಾವ ಪ್ಲೇಯರ್‌ನಲ್ಲಿ? ಬೆಲ್ಟ್ ಬದಲಿಸಿದ್ದೀರಾ?

ಹಳೇ_ಕ್ಯಾಸೆಟ್:

ಕೆನ್ ಬೂತ್, ಅದೇ! ಎರಡನೇ ಸಾಲಿಗೇ ಗೊತ್ತಾಯಿತು. ತಂದೆಯ ವಿಷಯ ಗೊತ್ತಿರಲಿಲ್ಲ. ಇವತ್ತು ಮೂರು ಸಲ ಕೇಳಿದೆ.

ಪ್ಲೇಯರ್ ಅಪ್ಪನದು, ಅಟ್ಟದಿಂದ ಇಳಿಸಿದ್ದು. ಬೆಲ್ಟ್ ಹಳೆಯದೇ.

ರೀಲು_ಸುತ್ತೋನು:

ಹಾಗಾದರೆ ಶಜಾಮ್‌ನ ತಪ್ಪಿಲ್ಲ. ಅದು ರಾಗ ಗುರುತಿಸುವುದಿಲ್ಲ, ಒಂದು ನಿರ್ದಿಷ್ಟ ರೆಕಾರ್ಡಿಂಗ್‌ನ ಬೆರಳಚ್ಚು ಹುಡುಕುತ್ತದೆ. ಬೆಲ್ಟ್ ಸಡಿಲವಾಗಿ ಟೇಪ್ ನಿಧಾನ ಓಡಿದರೆ ಶ್ರುತಿಯೂ ಇಳಿಯುತ್ತದೆ, ಬೆರಳಚ್ಚು ಹೊಂದುವುದಿಲ್ಲ.

ಕ್ಯಾಸೆಟ್ಟಿನಲ್ಲಿ ನಿಮಗೆ ಖಚಿತವಾಗಿ ಗೊತ್ತಿರುವ ಒಂದು ಹಾಡು ಇದೆಯಾ? ಅದೇ ನಿಮ್ಮ ಅಳತೆಗೋಲು. ಟೇಪಿನಲ್ಲಿ ಅದು ಎಷ್ಟು ಸೆಕೆಂಡ್, ಡಿಜಿಟಲ್‌ನಲ್ಲಿ ಎಷ್ಟು ಅಂತ ನೋಡಿ. ಟೇಪಿನಲ್ಲಿ 210, ಡಿಜಿಟಲ್‌ನಲ್ಲಿ 200 ಅಂದರೆ 5% ವೇಗ ಹೆಚ್ಚಿಸಬೇಕು. ಆಡಿಯೋ ಎಡಿಟ್ ಮಾಡುವ ಆಡಾಸಿಟಿ ಸಾಫ್ಟ್‌ವೇರ್‌ನಲ್ಲಿ ‘ಚೇಂಜ್ ಸ್ಪೀಡ್ ಅಂಡ್ ಪಿಚ್’ ಬಳಸಿ. ‘ಚೇಂಜ್ ಟೆಂಪೊ’ ಮುಟ್ಟಬೇಡಿ, ಅದು ಶ್ರುತಿಯನ್ನು ಹಾಗೇ ಬಿಡುತ್ತದೆ. ಹಾಗೇ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಹೆಡ್ ಒರೆಸಿ. ಅಟ್ಟದಲ್ಲಿದ್ದ ಪ್ಲೇಯರ್ ಅಲ್ವಾ, ಜೇಡರ ಬಲೆ ಸಮೇತ ಇರುತ್ತದೆ.

ಬೇಸ್_ಭಟ್ಟ:

ವೇಗ ಸರಿ ಮಾಡಿ, ಆದರೆ ಅದೊಂದರಿಂದಲೇ ಆಗಲಿಕ್ಕಿಲ್ಲ. ನಿಮ್ಮ ನೆನಪಿನಲ್ಲಿರುವುದು ಒಂದು ಹಾಡಲ್ಲ ಅಂತ ನನ್ನ ಊಹೆ. ಒಂದು ರಿಡಿಮ್.

ಜಮೈಕಾದಲ್ಲಿ ಡ್ರಮ್ಸ್ ಮತ್ತು ಬೇಸಿನ ಆ ತಳಪಾಯಕ್ಕೆ ರಿಡಿಮ್ ಅನ್ನುತ್ತಾರೆ. ನಮ್ಮಲ್ಲಿ ಒಂದೇ ಮಟ್ಟಿಗೆ ಹತ್ತು ಪದ ಕಟ್ಟುವುದಿಲ್ವಾ, ಹಾಗೆ. ವ್ಯತ್ಯಾಸ ಏನೆಂದರೆ ಅಲ್ಲಿ ಎಷ್ಟೋ ಸಲ ಸ್ಟುಡಿಯೋದ ಅದೇ ಟೇಪಿನ ಮೇಲೇ ಬೇರೆ ಬೇರೆಯವರು ಬಂದು ಹಾಡಿ ಹೋಗುತ್ತಾರೆ. ಗೋಡೆಯಾಚೆಯಿಂದ ನಿಮಗೆ ಕೇಳಿಸಿದ್ದು ಬೇಸ್ ಮಾತ್ರ. ಗೋಡೆ ದಾಟುವುದು ಅದೇ ತಾನೇ. ಹಾಗಾಗಿ ಮೂರು ಹಾಡು ನಿಮ್ಮ ತಲೆಯಲ್ಲಿ ಒಂದಾಗಿವೆ. ಗೂಗಲ್ ಸೋತದ್ದೂ ಇದಕ್ಕೇ. ಅದು ಹಾಡುವ ದನಿಯ ರಾಗಕ್ಕೆ ಹೊಂದಿಸುತ್ತದೆ, ನೀವು ಗುನುಗಿದ್ದು ಬೇಸ್ ಲೈನ್ ಇರಬೇಕು.

‘ನಾ ಪಾಪ ನೋ ಸ್ಟೈಲ್’ ಓದಿ ನಗು ತಡೆಯಲಾಗಲಿಲ್ಲ. ಅದು ‘ನಾ ಪಾಪ್ ನೋ ಸ್ಟೈಲ್’. ಜಮೈಕಾದ ಪಾಟ್ವಾ ಮಾತು. ‘ನಾನೇನೂ ಶೋಕಿ ಮಾಡ್ತಿಲ್ಲ’ ಅಂತ. ಹಾಡು ‘ಅಪ್‌ಟೌನ್ ಟಾಪ್ ರ‍್ಯಾಂಕಿಂಗ್’, ಹಾಡಿದವರು ಆಲ್ತಿಯಾ ಮತ್ತು ಡಾನಾ. ಆಗ ಒಬ್ಬಳಿಗೆ 17, ಇನ್ನೊಬ್ಬಳಿಗೆ 18. 1978ರ ಫೆಬ್ರವರಿಯಲ್ಲಿ ಬ್ರಿಟನ್ನಿನ ನಂಬರ್ ಒನ್.

ಹಳೇ_ಕ್ಯಾಸೆಟ್:

ಕೇಳಿದೆ. ಹುಡುಗಿಯರು ಅವರೇ! ಅಕ್ಕನಿಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿ ಹಾಕಿದೆ, ಆ ಕಡೆಯಿಂದ ಕಿರುಚಿದಳು. ಆದರೆ ಇದರಲ್ಲಿ ಗಂಡಸಿನ ಮಾತು ಇಲ್ಲ. ಕ್ಯಾಸೆಟ್ಟಿನ 40 ಸೆಕೆಂಡ್‌ನಲ್ಲಿ ಇರುವುದು ಅವನೇ.

ಬೇಸ್_ಭಟ್ಟ:

ಹಾಗಾದರೆ ರಿಡಿಮ್‌ನ ಹಿಂದೆ ಹೋಗೋಣ. 1967ರಲ್ಲಿ ಆಲ್ಟನ್ ಎಲಿಸ್ ಜಮೈಕಾದ ಸ್ಟುಡಿಯೋ ಒನ್‌ನಲ್ಲಿ ‘ಐಯಾಮ್ ಸ್ಟಿಲ್ ಇನ್ ಲವ್ ವಿತ್ ಯು’ ಹಾಡಿದರು. ಸುಮಾರು ಹತ್ತು ವರ್ಷದ ಮೇಲೆ ಕಿಂಗ್‌ಸ್ಟನ್‌ನ ನಿರ್ಮಾಪಕ ಜೋ ಗಿಬ್ಸ್ ಅದನ್ನು ಹೊಸದಾಗಿ ನುಡಿಸಿ, ಮಾರ್ಷಿಯಾ ಏಟ್ಕನ್ ಕೈಲಿ ಹಾಡಿಸಿದರು. ಅದೇ ರಿಡಿಮ್ ಮೇಲೆ ಟ್ರಿನಿಟಿ ಅನ್ನುವವನು ‘ತ್ರೀ ಪೀಸ್ ಸೂಟ್’ ಅಂತ ತನ್ನ ಸೂಟಿನ ಜಂಬ ಕೊಚ್ಚಿಕೊಂಡ. ಅದಕ್ಕೆ ಉತ್ತರವಾಗಿ ಆ ಇಬ್ಬರು ಹುಡುಗಿಯರು ತಮ್ಮ ಹೈ ಹೀಲ್ಸ್ ಜಂಬ ಕೊಚ್ಚಿದರು. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಲಾವಣಿ ಕೇಳಿದ್ದೀರಲ್ಲ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ. ಹೆಚ್ಚುಕಡಿಮೆ ಅದೇ, ಬಟ್ಟೆಬರೆ ಮಾತ್ರ ಬೇರೆ.

ನಿಮ್ಮ ಅಕ್ಕನ ಮಗನೂ ತಪ್ಪಿಲ್ಲ. ಶಾನ್ ಪಾಲ್ ಮತ್ತು ಸಾಶಾ ಹಾಡಿದ್ದು ಆಲ್ಟನ್ ಎಲಿಸ್ ಅವರ ಆ ಹಾಡಿನದೇ ಹೊಸ ರೂಪ.

ಹುಡುಕುವಾಗ ಒಂದು ಎಚ್ಚರ. ರಿಡಿಮ್ ಮೇಲೆ ಹೀಗೆ ಮಾತಾಡುವವರನ್ನು ಜಮೈಕಾದಲ್ಲಿ ಡೀಜೆ ಅನ್ನುತ್ತಾರೆ. ರೆಕಾರ್ಡ್ ಹಾಕುವವನು ಸೆಲೆಕ್ಟರ್. ಇದು ಗೊತ್ತಿಲ್ಲದೆ ಡೀಜೆ ಅಂತ ಹುಡುಕಿ ನಾನು ಒಂದು ವಾರ ರೀಮಿಕ್ಸ್‌ಗಳಲ್ಲಿ ಮುಳುಗಿದ್ದೆ. ರೆಕಾರ್ಡ್‌ಗಳ ಪಟ್ಟಿ ಇರುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ 12 ಇಂಚಿನ ರೆಕಾರ್ಡ್‌ಗಳನ್ನೂ ನೋಡಿ. ಆಗಿನ ಡಿಸ್ಕೋಮಿಕ್ಸ್‌ಗಳಲ್ಲಿ ಹಾಡು ಮುಗಿಯುತ್ತಿದ್ದಂತೆ ಡೀಜೆ ಮಾತು ಶುರುವಾಗುತ್ತದೆ, ನಡುವೆ ಬಿಡುವೇ ಇಲ್ಲ. ಮಗುವಿನ ಕಿವಿಗೆ ಎಲ್ಲ ಒಂದೇ ಹಾಡು.

ಹಳೇ_ಕ್ಯಾಸೆಟ್:

ಮೂರು ದಿನ ಬೇಕಾಯಿತು, ಬೆಲ್ಟ್ ಎಸ್‌ಪಿ ರೋಡಿನಲ್ಲಿ ಸಿಕ್ಕಿತು. ಎ ಸೈಡಿನಲ್ಲಿ ಮ್ಯೂಸಿಕಲ್ ಯೂತ್‌ನ ‘ಪಾಸ್ ದ ಡಚ್ಚಿ’ ಇತ್ತು, ನಮ್ಮ ಬರ್ಮಿಂಗ್‌ಹ್ಯಾಮಿನ ಹುಡುಗರದೇ, 1982ರದು. ಅದನ್ನು ಅಳತೆಗೋಲು ಮಾಡಿಕೊಂಡೆ. ಹೊಸ ಬೆಲ್ಟ್ ಹಾಕಿದ ಮೇಲೂ 2% ನಿಧಾನ ಇತ್ತು, ಸರಿ ಮಾಡಿದೆ.

ಆಮೇಲೆ ಒಂದು ಕಿವಿಗೆ ಕ್ಯಾಸೆಟ್, ಇನ್ನೊಂದು ಕಿವಿಗೆ ‘ತ್ರೀ ಪೀಸ್ ಸೂಟ್’. ಎರಡೂ ಒಂದರ ಮೇಲೊಂದು ಕೂತವು. ಟ್ರಿನಿಟಿಯೇ. ಮಾರ್ಷಿಯಾ ಏಟ್ಕನ್ ಹಾಡನ್ನೂ ಕೇಳಿದೆ. ಅದೂ ಗೋಡೆಯಾಚೆಯಿಂದ ಬರುತ್ತಿತ್ತು, ಈಗ ನೆನಪಾಯಿತು.

ಭಟ್ಟರೇ, ಸುತ್ತೋನೇ, ತುಂಬಾ ಥ್ಯಾಂಕ್ಸ್. ಸಮಸ್ಯೆ ಬಗೆಹರಿದಿದೆ ಅಂತ ಗುರುತು ಹಾಕುತ್ತಿದ್ದೇನೆ.

ರೀಲು_ಸುತ್ತೋನು:

ಗುರುತು ಹಾಕುವ ಮುಂಚೆ ಒಂದು ಮಾತು. ಆ 40 ಸೆಕೆಂಡ್ ಬಿಟ್ಟರೆ ಬಿ ಸೈಡ್ ಪೂರ್ತಿ ನಿಮ್ಮ ಅಮ್ಮನ ದನಿ ಅಲ್ವಾ? ಟ್ರಿನಿಟಿ ಯೂಟ್ಯೂಬ್‌ನಲ್ಲಿ ಯಾವಾಗಲೂ ಸಿಗುತ್ತಾನೆ. ಅದನ್ನು ಡಿಜಿಟೈಸ್ ಮಾಡಿದ್ದೀರಾ? ಒಂದು ಎಚ್ಚರ: ಅದನ್ನು ರೆಕಾರ್ಡ್ ಮಾಡಿದ್ದು ಬೇರೆ ಯಂತ್ರದಲ್ಲಿ, ಬೇರೆ ಕಾಲದಲ್ಲಿ. ಡಚ್ಚಿಯ 2% ಅಲ್ಲಿ ನಡೆಯುವುದಿಲ್ಲ.

ಹಳೇ_ಕ್ಯಾಸೆಟ್:

ಮಾಡಿದ್ದೇನೆ, ವೇಗ ಮುಟ್ಟದೆ. ‘ಜಗದೋದ್ಧಾರನ’. ಚರಣಕ್ಕೆ ಬರುವಷ್ಟರಲ್ಲಿ ಕುಕ್ಕರ್ ಕೂಗುತ್ತದೆ, ಅಮ್ಮ ನಿಲ್ಲಿಸಿ, ‘ಲೋ, ಗ್ಯಾಸ್ ಸಣ್ಣ ಮಾಡೋ’ ಅನ್ನುತ್ತಾರೆ. ಶ್ರುತಿಗೆ ಅಳತೆಗೋಲು ಬೇಕಿದ್ದರೆ ಆ ಕುಕ್ಕರ್ ಇನ್ನೂ ಮನೆಯಲ್ಲಿದೆ.